ಕ್ಯಾರಿಯರ್ ಮೇಲೆ ಹೋದ ಕುಬಸ

ಬೆಳಗಿನ ಜತ್ತಿನ ಬಸ್ಸು ಅಂದು ಉಮದಿಗೆ ಬರಲೇ ಇಲ್ಲ. ನಾನು, ನನ್ನ ಹೆಂಡತಿ ನೀಲವ್ವ, ನನ್ನ ಇಬ್ಬರು ಚಿಗವ್ವಂದಿರು, ಬುತ್ತಿಯ ಬುಟ್ಟಿಗಳು, ಎಲ್ಲರೂ ಬೇವಿನ ಮರದ ಕೆಳಗೆ ಬಿಸಿಲೇರುವ ತನಕ ನಿಂತೆವು. ವಿಜಾಪುರದ ಕಡೆಗೆ ಹೋಗುವ ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ನಮಗೆ ಅದನ್ನು ಕಟ್ಟಿಕೊಂಡು ಏನಾಗಬೇಕು? ಅದರ ಕಂಡಕ್ಟರೇ ಸುದ್ದಿ ಹೇಳಿದ: ಮುಂಬಯಿಯಿಂದ ಮಂತ್ರಿಗಳು ನಾಳೆ ಜತ್ತಿಗೆ ಬರುತ್ತಾರೆ, ಸಭೆಗೆ ಮಂದಿಯನ್ನು ತರಲು ಆ ಕಡೆಯ ಬಸ್ಸುಗಳನ್ನೆಲ್ಲ ಸರಕಾರ ಹಿಡಿದಿದೆ, ನಾಳೆ ಸಂಜೆಯ ತನಕ ಪೇಟೆಯೊಳಗೆ ಮೋಟಾರು, ಬಂಡಿ, ಟಾಂಗಾ ಎಲ್ಲ ಬಂದ್.

ನನಗೆ ಬಂದ ಸಿಟ್ಟು ಹೇಳತೀರದು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ನಮ್ಮ ಕಡೆಗೆ ಒಬ್ಬ ದೊಡ್ಡ ಮನುಷ್ಯ ತಿರುಗಿ ನೋಡಿದ್ದಿಲ್ಲ. ನೋಡುವವನಿಗೆ ನನ್ನ ತಂಗಿಯ ಕುಬಸದ ದಿನವೇ ಬೇಕಾಗಿತ್ತೇ?

ತಂಗಿ ಗೌರವ್ವನನ್ನು ಜತ್ತಿಗೆ ಕೊಟ್ಟಿದ್ದೆವು. ನಮಗೆ ತಾಯಿಯಿಲ್ಲ. ಮೊದಲ ಬಸುರು ಅವಳಿಗೆ ನಿಂತಿರಲಿಲ್ಲ. ಈಗ ಏಳನೇ ತಿಂಗಳು. ತವರಿನ ಹೆಣ್ಣುಮಗಳೊಬ್ಬಳು ಹೋಗಿ ಹಸಿರು ಸೀರೆ ಉಡಿಸಿ, ಬಳೆ ಇಟ್ಟು, ಉಡಿ ತುಂಬಬೇಕು. ಅದೂ ನಾಳೆ ಹೊತ್ತು ನೆತ್ತಿಗೆ ಬರುವುದರೊಳಗೆ ಎಂದು ಅವರ ಮನೆಯ ಅಯ್ಯನವರು ಹೇಳಿದ್ದರು. ನಾಡಿದ್ದು ಅಮವಾಸ್ಯೆ. ಅದು ದಾಟಿದರೆ ಎಂಟು ಬೀಳುತ್ತದೆ, ಎಂಟರಲ್ಲಿ ಕುಬಸ ಮಾಡುವುದಿಲ್ಲ. ಅದೇ ಮನೆಯ ಇನ್ನೊಬ್ಬ ಸೊಸೆ, ಅವಳ ನೆಗೆಣ್ಣಿಯ ಕುಬಸಕ್ಕೆ ತವರಿನಿಂದ ಎರಡು ಬಂಡಿ ತುಂಬ ಮಂದಿ ಬಂದಿದ್ದರಂತೆ. ನಮ್ಮ ಗೌರಿಗೆ ಒಬ್ಬರೂ ಬರಲಿಲ್ಲ ಎಂದಾದರೆ ಆ ಹುಡುಗಿ ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ?

ಬಂಡಿಗೆ ತಿರುಗಾಡಿದೆ. ಬಿಳಿಜೋಳದ ಸುಗ್ಗಿ, ಎತ್ತುಗಳೆಲ್ಲ ಕಣದಲ್ಲಿ. ನಾನು ಅರಿವೆ ಅಂಗಡಿಯವನು, ನನ್ನ ಹತ್ತಿರ ಇದ್ದದ್ದು ಸೈಕಲ್ಲೊಂದೇ. "ನಾನ ಹೋಗಿ ಸಾಮಾನು ಕೊಟ್ಟು ಬರ್ತೇನಿ" ಎಂದೆ.

"ನೀವು ಹೋಗಿ ಏನ್ ಮಾಡ್ತೀರಿ? ಗಂಡಸರು ಉಡಿ ತುಂಬತಾರೇನು?" ಎಂದಳು ನೀಲವ್ವ. "ಆ ಕ್ಯಾರಿಯರ್ ಗಟ್ಟಿ ಐತೇನು ನೋಡ್ರಿ ಮದಲ."

ಉಮದಿಯಲ್ಲಿ ಆವರೆಗೆ ಯಾವ ಮನೆಯ ಹೆಂಗಸೂ ಸೈಕಲ್ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಚಿಗವ್ವಂದಿರು ಬಾಯಿಗೆ ಸೆರಗು ಹಿಡಿದರು. ಸೀರೆ, ಬಳೆಗಳನ್ನು ನನ್ನ ಹಳೆಯ ಧೋತರದಲ್ಲಿ ಹುಲ್ಲು ಇಟ್ಟು ಸುತ್ತಿ ಹ್ಯಾಂಡಲಿಗೆ ಕಟ್ಟಿದೆ. ಊರು ಮುಗಿಯುವ ತನಕ ಇಬ್ಬರೂ ಸಭ್ಯಸ್ಥರಂತೆ ನಡೆದೆವು. ಕೊನೆಯ ಮನೆ ದಾಟಿದ ಮೇಲೆ ಅವಳು ಅತ್ತಿತ್ತ ನೋಡಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಾಗಿ ಕೂತಳು. ತೊಡೆಯ ಮೇಲೆ ಬುತ್ತಿ: ಶೇಂಗಾ ಹೋಳಿಗೆ, ಕರ್ಚಿಕಾಯಿ, ಖಡಕ್ ರೊಟ್ಟಿ. ಮೂರು ಮಾರು ಹೋಗುವುದರೊಳಗೆ ಇಬ್ಬರೂ ಜೋಳದ ಹೊಲಕ್ಕೆ ಬಿದ್ದೆವು.

"ಬುತ್ತಿ ಚಲೋ ಐತಿ" ಎಂದಳು ಬಿದ್ದಲ್ಲಿಂದಲೇ.

"ನೀ?"

"ಕುಬಸ ನನ್ನದೇನ್ರಿ? ಬಳಿ ನೋಡ್ರಿ."

ಉಮದಿಯಿಂದ ಜತ್ತಿಗೆ ಮೂವತ್ತು ಮೈಲಿ ಚಿಲ್ಲರೆ. ಬಂಡಿಯ ಗಾಲಿ ಕೊರೆದ ಕಚ್ಚಾ ರಸ್ತೆ. ಏರು ಬಂದಲ್ಲಿ ಇಳಿದು ನೂಕುವುದು, ಇಳಿಜಾರಿನಲ್ಲಿ ದೇವರ ಮೇಲೆ ಭಾರ ಹಾಕುವುದು. ಸೋನ್ಯಾಳದ ಹತ್ತಿರ ಹಿಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ನೋಡಿದ. ಟೊಂಕಕ್ಕೆ ಸಿಕ್ಕಿಸಿದ್ದ ಚಿಮಟಿಗೆಯಿಂದ, ಕುರಿಯ ಕಾಲಿನದ್ದನ್ನು ಕೀಳುವಂತೆಯೇ, ಮುಳ್ಳು ಕಿತ್ತ. ಪಂಕ್ಚರ್ ಹಚ್ಚುವ ಸಾಮಾನು ನನ್ನ ಹತ್ತಿರ ಇತ್ತು.

"ಸಾವ್ಕಾರ್ರ, ಎಲ್ಲೀಗಿ ಹೊಂಟೀರಿ? ಮಂತ್ರಿ ನೋಡಾಕೇನು?"

"ಮಂತ್ರಿ ಮನಿ ಹಾಳಾಗ್ಲಿ. ತಂಗಿ ಕುಬಸಕ್ಕ ಹೊಂಟೇವಿ."

ಅವನು ನೀಲವ್ವನನ್ನೂ ಕ್ಯಾರಿಯರನ್ನೂ ಒಂದು ಸಲ ನೋಡಿ ನಕ್ಕ. "ಹಂಗಾರ ಲಗೂನ ಹೋಗ್ರಿ. ತಂಗಿ ದಾರಿ ನೋಡ್ತಿರ್ತಾಳ" ಎಂದು ತನ್ನ ಗಡಿಗೆಯ ಮಜ್ಜಿಗೆ ಕೊಟ್ಟ. ಹುಳಿಯಾಗಿತ್ತು, ಆದರೆ ತಂಪಾಗಿತ್ತು. ಮಂತ್ರಿಗೆ ನಾನು ಬೈದದ್ದಕ್ಕೆ ನೀಲವ್ವ ಮುಂದಿನ ಒಂದು ಮೈಲಿ ನನಗೆ ಬೈದಳು. ಶುಭಕಾರ್ಯಕ್ಕೆ ಹೋಗುವ ಬಾಯಲ್ಲಿ ಕೆಟ್ಟ ಮಾತು ಬರಬಾರದಂತೆ.

ಸೊರಡಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ನನ್ನ ಅಂಗಡಿಯ ಗಿರಾಕಿಯೊಬ್ಬರ ಮನೆಯಲ್ಲಿ ಉಳಿದೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು. ಇಷ್ಟು ರುಚಿಯ ಊಟ ನಾನು ಯಾವ ಮದುವೆಯಲ್ಲಿಯೂ ಉಂಡಿಲ್ಲ. ಮನೆಯೊಡತಿ ನೀಲವ್ವನ ಸೊಂಟಕ್ಕೆ ಎಣ್ಣೆ ಹಚ್ಚಿ ತಿಕ್ಕಿದರು. ನನ್ನ ಸೊಂಟವನ್ನು ಯಾರೂ ವಿಚಾರಿಸಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಜತ್ತು ಹತ್ತಿರವಾದಂತೆ ರಸ್ತೆ ನುಣುಪಾಯಿತು. ರಾತ್ರೋರಾತ್ರಿ ಗರಸು ಹಾಕಿ ನೀರು ಹೊಡೆದಿದ್ದರು. ಮಂದಿ ತುಂಬಿದ ಬಸ್ಸುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಅವುಗಳಲ್ಲೊಂದು ನಮ್ಮೂರ ಬಸ್ಸೇ. ಅದರ ಡ್ರೈವರ್ ನನಗೆ ಕೈ ಬೀಸಿದ. ನಾನು ಬೀಸಲಿಲ್ಲ.

ಊರ ಬಾಗಿಲಲ್ಲೇ ಪೊಲೀಸರು ಹಿಡಿದರು. "ಥಾಂಬಾ! ಡಬಲ್ ಸೀಟ್ ಬಂದ್!" ಸೈಕಲ್ ಮೇಲೆ ಒಬ್ಬರೇ ಕೂರಬೇಕು ಎಂಬ ಕಾಯ್ದೆ ಉಮದಿಯ ತನಕ ಬಂದಿರಲಿಲ್ಲ. ನೀಲವ್ವ ಇಳಿದಳು. ಪೇಟೆಯಲ್ಲಿ ಸೈಕಲ್ ಹತ್ತಲೂ ಬಾರದು, ಕೈಯಲ್ಲಿ ನೂಕಿಕೊಂಡು ಹೋಗಬೇಕು ಎಂದ ಇನ್ನೊಬ್ಬ. ಆಗಲಿ, ನೂಕಿದರಾಯಿತು.

ಗೌರವ್ವನ ಮನೆ ದೊಡ್ಡ ರಸ್ತೆಯ ಆಚೆಯ ಓಣಿಯಲ್ಲಿತ್ತು. ಆ ರಸ್ತೆಗೆ, ಮಂತ್ರಿಗಳು ಇಳಿಯುವ ಬಂಗಲೆಯಿಂದ ಸಭೆ ನಡೆಯುವ ಶಾಲೆಯ ಮೈದಾನದ ತನಕ, ಎರಡೂ ಕಡೆ ಬಿದಿರು ನೆಟ್ಟು ಹಗ್ಗ ಕಟ್ಟಿದ್ದರು. ನೇಕಾರರ ಓಣಿಯಿಂದ ಹೋದೆವು, ಕೊನೆಗೆ ಹಗ್ಗ. ಸಂತೆಯ ಬಯಲಿನ ಹಿಂದಿನಿಂದ ಬಂದೆವು, ಅಲ್ಲಿಯೂ ಹಗ್ಗ. ಒಬ್ಬ ಪೊಲೀಸ್ ಬಾವಿಯ ಕಡೆಗೆ ಕಳಿಸಿದ, ಬಾವಿಯವನು ಬಂಗಲೆಯ ಕಡೆಗೆ ಕಳಿಸಿದ, ಬಂಗಲೆಯವನು ನೇಕಾರರ ಓಣಿಯಿಂದ ಹೋಗಿರಿ ಎಂದ. ಎಷ್ಟೋ ಸಲ ಓಡಾಡಿದ ಊರೇ ಅದು, ಆದರೆ ಅಂದು ಅದರಲ್ಲಿ ಕುರಿ ದೊಡ್ಡಿಗೆ ಹೊಕ್ಕ ಹಾಗಾಯಿತು ನಮ್ಮ ಗತಿ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನೀಲವ್ವ ಹೊತ್ತಿನ ಕಡೆಗೆ ನೋಡುತ್ತ, ನೋಡುತ್ತ, ಮಾತನ್ನೇ ಬಿಟ್ಟಳು. ಅವಳು ಮಾತು ಬಿಟ್ಟರೆ ನನಗೆ ಜೀವ ಹಾರುತ್ತದೆ.

ಕೊನೆಗೆ ಗೌರವ್ವನ ಓಣಿಯ ನೇರ ಎದುರಿಗೆ ಬಂದು ನಿಂತೆವು. ನಡುವೆ ಒಂದು ರಸ್ತೆ, ಅಷ್ಟೇ. ಒಬ್ಬ ಮನುಷ್ಯ ಬೀಡಿ ಹಚ್ಚುವುದರೊಳಗೆ ದಾಟುವಂಥದ್ದು. ಆಚೆ ಬದಿಯಲ್ಲಿ, ಮಾವಿನೆಲೆಯ ಕಮಾನಿನ ಕೆಳಗೆ, ಆರತಿ ತಟ್ಟೆ ಹಿಡಿದು ಮುತ್ತೈದೆಯರು ನಿಂತಿದ್ದರು. ಮಂತ್ರಿಗಳಿಗೆ ಬೆಳಗಲು ಆ ಓಣಿಯವರನ್ನೇ ಗೊತ್ತುಮಾಡಿದ್ದರು. ಅವರಲ್ಲಿ ಮುಂದೆ ನಿಂತವರು ಗೌರವ್ವನ ಅತ್ತೆ ಕಲ್ಲವ್ವ. ಮುಂಜಾನೆಯೇ ಮೋಟಾರು ಬರುತ್ತದೆ, ಅದನ್ನು ಮುಗಿಸಿ ಕುಬಸಕ್ಕೆ ಕೂರಿಸೋಣ ಎಂದುಕೊಂಡಿದ್ದರಂತೆ. ಮೋಟಾರು ಬಂದಿರಲಿಲ್ಲ. ಹಗ್ಗ ಬಿಟ್ಟು ಕದಲಲು ಅವರನ್ನೂ ಬಿಡುತ್ತಿರಲಿಲ್ಲ.

ಓಣಿಯ ಮೊದಲ ಮನೆಯ ಕಟ್ಟೆಯ ಮೇಲೆ ಗೌರವ್ವ ಕೂತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. "ವೈನೀ!" ಎಂದು ಅತ್ತಿಗೆಯನ್ನು ಕೂಗಿದವಳೇ ಅಳತೊಡಗಿದಳು. ಏಳು ತಿಂಗಳ ಬಸುರಿ, ಬೀದಿಯಲ್ಲಿ, ಎಲ್ಲರೆದುರಿಗೆ.

ಹಗ್ಗದ ಬಳಿ ನಿಂತಿದ್ದ ಹವಾಲ್ದಾರನಿಗೆ ಕೈಮುಗಿದೆ. ಮಿರಜದ ಕಡೆಯವನಿರಬೇಕು, ನಮ್ಮ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು. "ಸಾಹೇಬರ ಗಾಡಿ ಹೋಗೂ ತನಕಾ ಕುಣಾಲಾ ಸೋಡಣಾರ ನಾಹೀ. ಯಾರಿಗೂ ಇಲ್ಲ" ಎಂದ. ಕುಬಸ ಎಂದರೆ ಅವನಿಗೆ ತಿಳಿಯಲಿಲ್ಲ. ಡೋಹಾಳಜೇವಣ ಎಂದು ಮರಾಠಿಯಲ್ಲಿ ಹೇಳಿದೆ. ಅವನ ಮುಖ ಸ್ವಲ್ಪ ಮೆತ್ತಗಾಯಿತು, ಆದರೆ ಕೈ ಹಗ್ಗದ ಮೇಲೆಯೇ ಇತ್ತು.

ನೀಲವ್ವ ಮುಂದೆ ಬಂದಳು. "ಅಣ್ಣಾ, ಅಕಿಗಿ ತಾಯಿ ಇಲ್ಲ. ತವರಂದ್ರ ನಾನ. ಹೊತ್ತು ನೆತ್ತಿಗಿ ಬಂತು ನೋಡ್ರಿ. ಇನ್ನೇನು ಅದು ಇಳೀತದ. ನಿಮ್ಮ ತಂಗಿ ಹಂಗ ನಿಂತಿದ್ರ ನೀವು ಈ ಹಗ್ಗ ಹಿಡಕೊಂಡು ನಿಂದ್ರತಿದ್ರೇನು?"

ಅವನು ಮೇಲೆ ನೋಡಿದ, ರಸ್ತೆಯ ಎರಡೂ ಕಡೆ ನೋಡಿದ. "ಸೈಕಲ್ ಇಲ್ಲೇ. ಗಂಡಸು ಇಲ್ಲೇ. ಬಾಯೀ, ನೀವು ಒಬ್ಬರೇ. ಪಳಾ, ಓಡ್ರಿ!" ಎಂದು ಹಗ್ಗವನ್ನು ಮೇಲಕ್ಕೆತ್ತಿದ.

ನಾನು ಹ್ಯಾಂಡಲಿನ ಗಂಟು ಬಿಚ್ಚುವ ತನಕ ಅವಳು ಕಾಯಲಿಲ್ಲ, ತಾನೇ ಕಿತ್ತುಕೊಂಡಳು. ತಲೆಯ ಮೇಲೆ ಬುತ್ತಿ, ಕಂಕುಳಲ್ಲಿ ಬಳೆ, ಸೀರೆಯ ಗಂಟು. ನೀರು ಹೊಡೆದು ಯಾರೂ ತುಳಿಯದ ಆ ಮಂತ್ರಿಯ ರಸ್ತೆಯಲ್ಲಿ ನನ್ನ ಹೆಂಡತಿ ಬರಿಗಾಲಲ್ಲಿ ಓಡಿದಳು. ಎರಡೂ ಬದಿಯ ಮಂದಿ ಸೀಟಿ ಹೊಡೆದರು. ನಾನೂ ಹೊಡೆಯುತ್ತಿದ್ದೆ, ಆದರೆ ನನಗೆ ಬರುವುದಿಲ್ಲ.

ಮನೆಯ ತನಕ ಹೋಗುವಷ್ಟು ಹೊತ್ತೆಲ್ಲಿತ್ತು? ಕಲ್ಲವ್ವ ಗಟ್ಟಿ ಹೆಂಗಸು. "ಮಣಿ ಇಲ್ಲೇ ತರ್ರಿ, ಇಲ್ಲೇ ಕುಂದ್ರಸ್ರಿ! ಬೀದಿಯಾದರೇನು, ಮುತ್ತೈದೇರು ಅದೀವಿ!" ಎಂದು ಕೂಗಿದ್ದು ನನಗೆ ಕೇಳಿಸಿತು. ಕಟ್ಟೆಯ ಮುಂದೆ ಮಣೆ ಹಾಕಿದರು. ಸೀರೆಯನ್ನು ಮೈಮೇಲೆಯೇ ಹೊದಿಸಿದರು. ಆಮೇಲೆ ಹೆಂಗಸರ ಬೆನ್ನುಗಳು ಅಡ್ಡವಾದವು. ನನಗೆ ಒಂದು ಹಸಿರು ಸೆರಗಿನ ತುದಿ ಬಿಟ್ಟರೆ ಏನೂ ಕಾಣಲಿಲ್ಲ. ಮೂವತ್ತು ಮೈಲಿ ತುಳಿದು ತಂದು ಬೆನ್ನು ನೋಡುವ ಹಣೆಬರಹ ನನ್ನದು.

ಆಗಲೇ ಹಾರ್ನ್ ಕೇಳಿತು. ಬಿಳಿ ಟೋಪಿಯವರು ಓಡಾಡಿದರು. "ಆರತಿ! ಆರತಿ!" ಎಂದು ಒಬ್ಬ ಆಚೆಯ ಹೆಂಗಸರ ಕಡೆಗೆ ಕೈ ಬೀಸಿ ಬೀಸಿ ಸಾಕಾದ. ಕಮಾನಿನ ಕೆಳಗೆ ಮಂತ್ರಿಗಳ ಮೋಟಾರು ನಿಧಾನವಾಯಿತು, ನಿಂತೇಬಿಟ್ಟಿತು. ಆರತಿಯೇನೋ ನಡೆದಿತ್ತು. ಅಷ್ಟೂ ತಟ್ಟೆಗಳು ಗೌರವ್ವನ ಸುತ್ತ ತಿರುಗುತ್ತಿದ್ದವು, ಹಾಡು ನಡೆದಿತ್ತು, ಒಬ್ಬರೂ ಈ ಕಡೆ ಹೊರಳಲಿಲ್ಲ. ಮಂತ್ರಿಗಳು ವಯಸ್ಸಾದವರು. ಹಾರ ಹಾಕಿಕೊಂಡೇ ಹೊರಗೆ ಬಾಗಿ ನೋಡಿದರು. ಏನು ತಿಳಿಯಿತೋ, ಆ ಬೆನ್ನುಗಳಿಗೆ ಕೈಮುಗಿದು ಡ್ರೈವರಿಗೆ ಹೋಗು ಎಂದು ಸನ್ನೆ ಮಾಡಿದರು. ನಿನ್ನೆಯಿಂದ ಅವರಿಗೆ ಬೈದದ್ದನ್ನೆಲ್ಲ ನಾನು ಅಲ್ಲೇ ಬಿಟ್ಟೆ.

ಮೋಟಾರು ಹೋಯಿತು. ಹೆಂಗಸರು ಸರಿದರು. ಗೌರವ್ವ ಮಣೆಯ ಮೇಲೆ ಕೂತೇ ನನ್ನನ್ನು ಹುಡುಕಿದಳು. ಕಂಡ ಕೂಡಲೆ ಎರಡೂ ಕೈ ಮೇಲೆತ್ತಿ ತೋರಿಸಿದಳು. ಮೊಳಕೈಯ ತನಕ ಹಸಿರು ಬಳೆ. ಹವಾಲ್ದಾರ ನನ್ನ ಹೆಗಲು ತಟ್ಟಿದ.

ಹಗ್ಗ ಬಿಚ್ಚಿದ್ದು ಸಭೆ ಮುಗಿದ ಮೇಲೆ. ನಾನು ಸೈಕಲ್ ನೂಕಿಕೊಂಡು ಮನೆ ಮುಟ್ಟಿದಾಗ ಊಟದ ಕೊನೆಯ ಪಂಕ್ತಿ ಎದ್ದಿತ್ತು. ಗೌರವ್ವನ ನೆಗೆಣ್ಣಿಯೇ ನನಗೆ ನೀರು ಕೊಟ್ಟಳು. "ಅಣ್ಣಾರ, ನಮ್ಮ ವೈನಿ ನನ್ನ ಸಲುವಾಗಿ ಹಿಂಗ ಓಡಿ ಬರ್ತಿದ್ದಿಲ್ಲ ಬಿಡ್ರಿ" ಎಂದಳು. ನಾನು ಅವಳ ಬಗ್ಗೆ ಏನೇನೋ ತಿಳಿದುಕೊಂಡಿದ್ದೆ, ಒಳ್ಳೆಯ ಹುಡುಗಿ.

ಮರುದಿನ ಅಮವಾಸ್ಯೆ, ಹೊರಡುವುದು ಬೇಡ ಎಂದು ಕಲ್ಲವ್ವ ತಡೆದರು. ಅದರ ಮರುದಿನ ಬೆಳಿಗ್ಗೆ ಬುತ್ತಿಯ ಬುಟ್ಟಿಯಲ್ಲಿ ಅವರ ಮನೆಯ ಬೆಲ್ಲ, ಕಡಲೆ ತುಂಬಿಕೊಟ್ಟರು. ಅಂಗಡಿ ಮುಚ್ಚಿ ಬಂದವನು, ಇನ್ನು ಉಳಿಯುವ ಹಾಗಿರಲಿಲ್ಲ. ಗೌರವ್ವ ಊರ ಹೊರಗಿನ ತನಕ ನಮ್ಮ ಜೊತೆಗೆ ನಡೆದು ಬಂದಳು.

"ಒಂಬತ್ತರಾಗ ಬಾಣಂತನಕ್ಕ ಕರಿಯಾಕ ಬರ್ತೇವಿ. ಬಂಡಿ ತರ್ತೇನಿ, ಹುಲ್ಲು ಹಾಸಿ, ಮ್ಯಾಲ ಗುಡಾರ ಹೊಚ್ಚಿ" ಎಂದೆ.

"ಹೂಂ" ಎಂದಳು.

ಪೊಲೀಸರೆಲ್ಲ ಹೋಗಿದ್ದರು, ಡಬಲ್ ಸೀಟು ಕೇಳುವವರಿರಲಿಲ್ಲ. ನೀಲವ್ವ ಈಗ ಸೆರಗು ಎಳೆದುಕೊಳ್ಳದೆಯೇ ಕೂತಳು. ನಾನು ಕಾಲು ಹಾಕಿ ತುಳಿದೆ. ಸೈಕಲ್ ಕದಲಲಿಲ್ಲ. ಇನ್ನಷ್ಟು ಒತ್ತಿ ತುಳಿದೆ.

"ಸೀರಿ ಗಾಲಿಗಿ ಸಿಕ್ಕೇತೇನು ನೋಡ, ಇಳಿ" ಎಂದು ರೇಗಿದೆ. ನೀಲವ್ವ ಇಳಿಯಲಿಲ್ಲ, ಹಿಂದಕ್ಕೆ ನೋಡುತ್ತ ಕೂತಿದ್ದಳು.

ತಿರುಗಿ ನೋಡಿದೆ. ಗೌರವ್ವ ಎರಡೂ ಕೈಯಿಂದ ಕ್ಯಾರಿಯರ್ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತಿದ್ದಳು.

ನಾವು ಇನ್ನೊಂದು ದಿನ ಉಳಿದೆವು.