ಗುಳಿಗೆ ಶೀಷೆಯಲ್ಲಿ ಡ್ರಿಲ್ ಬಿಟ್ಟು

ಭಾನುವಾರ ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ನನ್ನ ಅಣ್ಣ ಡ್ರಿಲ್ ಬಿಟ್ಟುಗಳನ್ನು ನುಂಗಿದ. ಹೊತ್ತು ಇಷ್ಟು ಖಚಿತವಾಗಿ ಹೇಗೆ ಗೊತ್ತು ಎನ್ನುತ್ತೀರಾ? ಅಂಥ ಗಳಿಗೆಯಲ್ಲಿ ಮನುಷ್ಯ ಮಾಡಬೇಕಾದ್ದನ್ನು ಬಿಟ್ಟು ಗೋಡೆಯ ಗಡಿಯಾರ ನೋಡುತ್ತಾನೆ. ನಾನು ನೋಡಿದೆ.

ಗೋಡೆ ಕೊರೆಯುವ ಬೆರಳುದ್ದದ ಸಲಾಕೆಯನ್ನು ಕಲ್ಪಿಸಿಕೊಳ್ಳಬೇಡಿ. ಮಲ್ಕಾಜ್‌ಗಿರಿಯ ನಮ್ಮ ಮನೆಯ ಬಾಲ್ಕನಿಯನ್ನು ನಾನು ಕಾರ್ಖಾನೆ ಎನ್ನುತ್ತೇನೆ, ಹೆಂಡತಿ ಅಡಚಣೆ ಎನ್ನುತ್ತಾಳೆ. ಅಲ್ಲಿ ಕೂತು ಹಿತ್ತಾಳೆ ತಗಡಿನಲ್ಲಿ ಗೇಣುದ್ದದ ರೈಲು ಡಬ್ಬಿಗಳನ್ನು ಮಾಡುವುದು ನನ್ನ ಚಟ. ಅವುಗಳ ರಿವೆಟ್ಟಿಗೆ ತೂತು ಕೊರೆಯಲು ಬೇಕಾದ ಬಿಟ್ಟುಗಳು ಅರ್ಧ ಮಿಲಿಮೀಟರ್ ದಪ್ಪ. ಕೆಲವು ಅದಕ್ಕೂ ಸಣ್ಣ. ಕೈ ತುಸು ವಾಲಿದರೂ ಮುರಿಯುತ್ತವೆ. ನೆಲಕ್ಕೆ ಬಿದ್ದರೆ ಕಣ್ಣಿಗೆ ಸಿಗುವುದಿಲ್ಲ, ಅಂಗಾಲಿಗೆ ಸಿಗುತ್ತವೆ. ಆನೆ ಸಾಕಿದವನು ಆನೆ ಎಲ್ಲಿಟ್ಟೆ ಎಂದು ಹುಡುಕುವುದಿಲ್ಲ. ವಸ್ತು ಸಣ್ಣದಾದಷ್ಟೂ ಅದನ್ನಿಡುವ ಚಿಂತೆ ದೊಡ್ಡದಾಗುತ್ತದೆ. ಸೋಪಿನ ತುಂಡಿಗೆ ಚುಚ್ಚಿಟ್ಟೆ, ತುಕ್ಕು ಹಿಡಿದವು. ಬೆಂಕಿಪೆಟ್ಟಿಗೆಯಲ್ಲಿಟ್ಟೆ, ಹೆಂಡತಿ ದೇವರ ದೀಪಕ್ಕೆಂದು ಒಂದನ್ನು ಗೀರಲು ಹೋದಳು.

ಕೊನೆಗೆ ದಾರಿ ತೋರಿಸಿದವನು ಅಣ್ಣನೇ. ರೈಲ್ವೆಯಿಂದ ನಿವೃತ್ತನಾಗಿ ಎರಡು ಗಲ್ಲಿ ಆಚೆ ಇರುವ ಅವನಿಗೆ ಹೋಮಿಯೋಪತಿ ಎಂದರೆ ಪ್ರಾಣ. ಖಾಲಿ ಶೀಷೆಗಳನ್ನು ಅವುಗಳ ಮರದ ಪೆಟ್ಟಿಗೆ ಸಮೇತ ನನಗೆ ಕೊಟ್ಟ. ಒಳ್ಳೆಯ ಗಾಜು, ಬಿಗಿಯಾದ ಮುಚ್ಚಳ, ಮಳೆಗಾಲದ ತೇವ ಒಳಗೆ ಸುಳಿಯದು. ಮುಚ್ಚಳದ ಮೇಲೆ ಅಳತೆ ಬರೆದೆ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದೆ, ಲೆಕ್ಕಕ್ಕೊಂದು ನೋಟ್‌ಬುಕ್ಕೂ ಇಟ್ಟೆ. ಶೀಷೆಯ ಮೇಲಿನ ಹಳೆಯ ಔಷಧಿ ಚೀಟಿಗಳನ್ನು ಕೀಳಲು ಮಾತ್ರ ಮನಸ್ಸಾಗಲಿಲ್ಲ. ಮನಸ್ಸಾಗಲಿಲ್ಲ ಎಂಬುದು ಸೋಮಾರಿತನಕ್ಕೆ ಓದಿದವರು ಇಟ್ಟ ಹೆಸರು. ಕಡೆಯ ಶೀಷೆಯಲ್ಲಿ ಮುರಿದ ತುದಿಗಳಿದ್ದವು, ಜೀರಿಗೆ ಕಾಳಿನಷ್ಟುದ್ದದವು. ಯಾವ ಉಪಯೋಗಕ್ಕೂ ಬಾರದವು. ಎಸೆಯಲಿಲ್ಲ, ಎಣಿಸಲೂ ಇಲ್ಲ.

ಆ ಭಾನುವಾರ ಅಣ್ಣ ಎಂದಿನಂತೆ ನನ್ನ ಡಬ್ಬಿಗಳಲ್ಲಿ ತಪ್ಪು ಹುಡುಕಲು ಬಂದ. "ಏ ತಮ್ಮಾ, ಇದಕ್ಕ ಬಫರ್ ಎಲ್ಲೈತೋ? ಇದು ಓಡಂಗಿಲ್ಲ ಬಿಡು, ದೇವರ ಮುಂದ ಇಟ್ಟು ಆರತಿ ಮಾಡು" ಎಂದ. ನಾಷ್ಟಾಕ್ಕೆ ತಿಂದ ಮಿರ್ಚಿ ಭಜಿ ಅವನ ಎದೆಯಲ್ಲಿ ಉರಿಯುತ್ತಿತ್ತು. ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಅದನ್ನು ಖಾಲಿ ಮಾಡಿ ಕೊಟ್ಟವನು ತಾನೇ ಎಂಬುದು ಮರೆತಿತ್ತು. "ಎದಿ ಉರಿ ಗುಳಿಗಿ ಇಲ್ಲೇ ಐತೆಲ್ಲೋ" ಎನ್ನುತ್ತ ಚೀಟಿಯ ಬಣ್ಣದಿಂದಲೇ ಗುರುತು ಹಿಡಿದು ಕಡೆಯ ಶೀಷೆ ಎತ್ತಿಕೊಂಡ. ಆ ಗುಳಿಗೆಗಳಿಗೆ ಕೈ ಹಚ್ಚಬಾರದೆಂಬುದು ಅವನ ನೇಮ. ಮುಚ್ಚಳಕ್ಕೆ ತಟ್ಟಿಕೊಳ್ಳಬೇಕು, ತಲೆ ಹಿಂದಕ್ಕೆ ಚೆಲ್ಲಿ ನಾಲಿಗೆಯ ಕೆಳಗೆ ಸುರಿದುಕೊಳ್ಳಬೇಕು. ಹಾಗೆಯೇ ಮಾಡಿದ. ಮುಖ ಒಮ್ಮೆ ಗಂಟಿಕ್ಕಿತು. ಆಮೇಲೆ ಗಂಟಲ ಗುಬುಟು ಮೇಲೆ ಹೋಗಿ ಕೆಳಗೆ ಬಂತು.

"ಚುಚ್ಚಿತಲ್ಲೋ" ಎಂದ.

ಒಡಹುಟ್ಟಿದವನಾಗಿ ನನ್ನ ಬಾಯಿಂದ ಮೊದಲು ಬಂದ ಮಾತು, "ಯಾವ ನಂಬರ್ ಶೀಷೆ?"

ಆಸ್ಪತ್ರೆಯಲ್ಲಿ ಡಾಕ್ಟರ್ ಹುಡುಗಿ ಕೇಳಿದ್ದೂ ಲೆಕ್ಕವನ್ನೇ. "ಕಿತ್ನೇ ಥೇ, ಅಂಕಲ್?" ಮುರಿಯದ ಬಿಟ್ಟುಗಳ ಲೆಕ್ಕ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಗೊತ್ತಿಲ್ಲ ಎಂದೆ. ಎಕ್ಸ್‌ರೇ ಹೇಳಿತು: ಮೂರು. ಕೊಳವೆ ಇಳಿಸಿ ತೆಗೆಯಲು ತಯಾರಿ ಮಾಡುವಷ್ಟರಲ್ಲಿ ಅವು ಸಣ್ಣ ಕರುಳಿಗೆ ಇಳಿದಿದ್ದವು. ತಾವಾಗಿ ಹೊರಬರಬಹುದು, ದಿನಾ ಚಿತ್ರ ತೆಗೆಯೋಣ, ಎಲ್ಲಾದರೂ ಕರುಳಿಗೆ ನಾಟಿ ಜ್ವರ ಬಂದರೆ ಹೊಟ್ಟೆ ಕೊಯ್ಯಲೇಬೇಕು, ಈ ವಯಸ್ಸಿಗೆ ಅದು ಸಣ್ಣ ಮಾತಲ್ಲ ಎಂದಳು. ನನ್ನ ಹೆಂಡತಿ ಅಲ್ಲಿಯೇ ಬೆಂಚಿನ ಮೇಲೆ ಕೂತು, "ಎಲ್ಲಾ ಹೊಂದಿಸಿ ಇಟ್ಟೀನಿ ಅಂತಿದ್ರೆಲ್ಲ. ಭಾಳ ಚಲೋ ಹೊಂದಿಸೀರಿ" ಎಂದಳು.

ಬುಧವಾರದ ಹೊತ್ತಿಗೆ ಎರಡು ಹೊರಬಿದ್ದವು. ಮೂರನೆಯದು ಕರುಳಿನ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಎಕ್ಸ್‌ರೇ ಹಾಳೆಯಲ್ಲಿ ಅದು ದಿನವೂ ಅದೇ ಜಾಗದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಇಟ್ಟ ವಸ್ತುವೊಂದು ಇಟ್ಟಲ್ಲೇ ಇದ್ದದ್ದು ಅದೇ ಮೊದಲು. ಅಣ್ಣ ಬಾಳೆಹಣ್ಣು ತಿಂದು ಗಡದ್ದಾಗಿ ಗೊರಕೆ ಹೊಡೆಯುತ್ತಿದ್ದನಂತೆ. ನಿದ್ದೆ ಹೋದದ್ದು ನನ್ನದು. ಕಣ್ಣು ಮುಚ್ಚಿದರೆ ಸಾಕು, ಅವನು ಮುಚ್ಚಳ ತಟ್ಟುತ್ತಿದ್ದ, ತಲೆ ಹಿಂದಕ್ಕೆ ಚೆಲ್ಲುತ್ತಿದ್ದ.

ಮರುವಾರ ಸೋಮವಾರ ಚಿತ್ರ ಖಾಲಿ ಬಂತು. ಡಾಕ್ಟರ್ ಹುಡುಗಿ ನಕ್ಕಳು, ಅತ್ತಿಗೆ ಪೇಡೆ ಹಂಚಿದಳು. ನನಗೆ ಮಾತ್ರ ಆಮೇಲೂ ನಿದ್ದೆ ಬರಲಿಲ್ಲ. ಕಾರಣ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಅವನು ಆ ಶೀಷೆ ಎತ್ತಿಕೊಂಡದ್ದನ್ನು ನಾನು ನೋಡಿದ್ದೆ, ನಂಬರ್ ಕೇಳಿದ್ದು ಬರೀ ಸೋಗು. ಒಂದು ಮಾತು ಆಡುವಷ್ಟು ಹೊತ್ತಿತ್ತು. ಆಡಲಿಲ್ಲ. ಆ ಗುಳಿಗೆಗಳಲ್ಲಿ ಸಕ್ಕರೆ ಬಿಟ್ಟು ಏನೂ ಇಲ್ಲ ಎಂದು ಮೂವತ್ತು ವರ್ಷ ಅವನೊಂದಿಗೆ ವಾದಿಸಿದವನು ನಾನು. ಮುಚ್ಚಳದಲ್ಲಿ ಕಬ್ಬಿಣದ ಚೂರು ಕಂಡಾಗ ಅವನ ಮುಖ ಹೇಗಾಗುತ್ತದೋ ನೋಡೋಣವೆಂದು ಕಾದೆ. ಅವನು ಮುಚ್ಚಳ ನೋಡಲೇ ಇಲ್ಲ.

ಗುರುವಾರ ಮಧ್ಯಾಹ್ನ ಅವನ ಮನೆಗೆ ಹೋಗಿ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಅಣ್ಣ ಪೇಪರಿನಿಂದ ಕಣ್ಣೆತ್ತಲಿಲ್ಲ.

"ಗೊತ್ತೈತಿ. ನೀ ಮೀಸಿ ಒಳಗ ನಗಾಕತ್ತಿದ್ದಿ."

"ಗೊತ್ತಿದ್ದೂ ನುಂಗಿದಿ?"

"ನಾಲಿಗಿಗೆ ಹತ್ತಿದ ಕೂಡ್ಲೇ ಗುಳಿಗಿ ಅಲ್ಲ ಅಂತ ತಿಳೀತು. ಉಗುಳಬೇಕಂದೆ. ನಿನ್ನ ಮಾರಿ ನೋಡಿದೆ. ಉಗುಳಿದ್ರ ನೀ ಊರೆಲ್ಲ ಹೇಳ್ಕೊಂತ ತಿರುಗ್ತಿದ್ದಿ. ನುಂಗಿಬಿಟ್ಟೆ."

ಹನ್ನೊಂದು ದಿನ ನನ್ನ ಎದೆಯನ್ನು ಕೊರೆದದ್ದು ಇವನ ಹಟ. ಅಪ್ಪಿಕೊಳ್ಳಬೇಕಿತ್ತೇನೋ. ನನಗೆ ಬಂದದ್ದು ಕೆಂಡದಂಥ ಸಿಟ್ಟು. ಚಹಾ ಕುಡಿಯದೆ ಎದ್ದು ಬಂದೆ. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೆ, ಮನೆಗೆ ಬಂದು ಹೆಂಡತಿಯ ಮುಂದೆ ಇನ್ನೊಮ್ಮೆ ಬೈದೆ. ಪಶ್ಚಾತ್ತಾಪ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎನ್ನುತ್ತಾರೆ, ಮಾಡುತ್ತಿರಬಹುದು. ಆದರೆ ಅದು ಹಾಸಿಗೆಗೆ ಒಗ್ಗುವ ಪದಾರ್ಥವಲ್ಲ. ತಪ್ಪಿನಲ್ಲಿ ಇನ್ನೊಬ್ಬನಿಗೂ ಅರ್ಧ ಪಾಲಿದೆ ಎಂದು ತಿಳಿದಾಗ ಬರುವ ಸಿಟ್ಟಿನಷ್ಟು ಮೆತ್ತಗಿನ ದಿಂಬು ಇನ್ನೊಂದಿಲ್ಲ. ಆ ಗುರುವಾರ ಮಲಗಿದವನು ಶುಕ್ರವಾರ ಬೆಳಗಿನ ಹಾಲಿನವನ ಗಂಟೆಗೇ ಎದ್ದದ್ದು.