ಅರ್ಧ ತಾಸು ಕೂಡುವ ಕೆಲಸ

ನನಗೆ ಕೂಡಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಟ್ಟುಕೊಂಡೇ ಕೂಡುವವನು ನಾನು, ಯಾರಾದರೂ ಕರೆದರೆ ಏಳಲು ಸುಲಭ ಅಂತ. ಆರನೇ ಇಯತ್ತೆಗೆ ಸಾಲೆ ಬಿಟ್ಟಿದ್ದೂ ಇದೇ ಕಾರಣಕ್ಕೆ. ಮಾಸ್ತರರು ಹೇಳಿದ್ದು ತಲೆಗೆ ಹೋಗುತ್ತಿತ್ತು, ಬೆಂಚಿನ ಮೇಲೆ ಮೈ ನಿಲ್ಲುತ್ತಿರಲಿಲ್ಲ. ವೆಲ್ಡಿಂಗ್ ಅಂಗಡಿ ಸೇರಿದೆ. ಈಗ ಏಕಸಂಬಿಯಲ್ಲಿ ಮನೆಯ ಮುಂದೆಯೇ ನನ್ನ ಸ್ವಂತ ಅಂಗಡಿ ಇದೆ. ಇಲ್ಲಿಂದ ಜುಗೂಳದವರೆಗೆ ಯಾವ ಓಣಿ ಹೊಕ್ಕರೂ ನಾನು ಮಾಡಿದ ಒಂದು ಗೇಟು ಕಾಣಬೇಕು. ಇದು ಜಂಬ ಅಂದರೆ ಜಂಬವೇ ಸರಿ.

ಅಂಥವನಿಗೆ ದೇವರು ಹಚ್ಚಿದ ಕೆಲಸ ನೋಡಿ: ಸುಮ್ಮನೆ ಕೂಡುವುದು. ಹಗಲು ರಾತ್ರಿ ಸೇರಿ ದಿನಕ್ಕೆ ಎಂಟು ಸಲ, ಸಲಕ್ಕೆ ಅರ್ಧ ತಾಸು.

ನಮ್ಮ ಮಗಳು ಕೃಪಾ ಮದುವೆಯಾದ ಹನ್ನೊಂದು ವರ್ಷಕ್ಕೆ ಹುಟ್ಟಿದಳು. ಅದೂ ಅವಸರ ಮಾಡಿ, ಎರಡು ತಿಂಗಳು ಮೊದಲೇ. ಈ ಗುಣ ಮಾತ್ರ ಅಪ್ಪನದು ಎಂದು ನನ್ನ ಹೆಂಡತಿ ಶಾಂತಾ ಎಲ್ಲರೆದುರು ಹೇಳುತ್ತಾಳೆ. ಕೂಸಿನ ಹೃದಯದಲ್ಲಿ ಒಂದು ತೂತು. ಬಾಯಿಂದ ಹಾಲು ಎಳೆಯುವಷ್ಟು ಶಕ್ತಿ ಇಲ್ಲ. ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿದ್ದಾರೆ, ಅದರೊಳಗೆ ಶಾಂತಾ ಹಾಲು ಬಿಡುತ್ತಾಳೆ. ಹಾಲು ಹೋದ ಮೇಲೆ ಅರ್ಧ ತಾಸು ಕೂಸನ್ನು ನೆಟ್ಟಗೆ ಹಿಡಿದಿರಬೇಕು. ಬೇಗ ಮಲಗಿಸಿದರೆ ಹಾಲು ಮೇಲೆ ಬಂದು ಉಸಿರಿನ ದಾರಿ ಹಿಡಿದು ಎದೆಗೆ ಇಳಿಯುತ್ತದೆ.

ಒಮ್ಮೆ ಇಳಿದಿತ್ತು. ಆ ದಿನ ಮಲಗಿಸಿದವನು ನಾನೇ. ಯಾರೋ ಗೇಟು ಕೂಡಿಸಿಕೊಳ್ಳಲು ಬಂದು ನಿಂತಿದ್ದರು, ಹತ್ತು ನಿಮಿಷ ಸಾಕೆಂದುಕೊಂಡೆ. ಹನ್ನೆರಡು ದಿನ ದವಾಖಾನೆಯಲ್ಲಿದ್ದೆವು. ಬಿಡುವಾಗ ಡಾಕ್ಟರು ಹೇಳಿದರು: ಮೂರು ತಿಂಗಳು ಎದೆ ಸ್ವಚ್ಛ ಉಳಿಯಬೇಕು, ತೂಕ ಐದು ಕಿಲೋ ಮುಟ್ಟಬೇಕು, ಆಮೇಲೆ ಹೃದಯದ ಆಪರೇಷನ್. ಎದೆಗೆ ಇನ್ನೊಮ್ಮೆ ಹಾಲು ಇಳಿದರೆ ಏನು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಾನು ಬೇಗ ಮಲಗಿಸಿದ ಆ ದಿನದ ಬಗ್ಗೆ ಶಾಂತಾ ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ತುಸು ಹಗುರಾಗುತ್ತಿತ್ತು.

ಮನೆಗೆ ಬಂದ ಮೇಲೆ ಮಂತ್ರಿಗಿರಿ ಹಂಚಿದಂತೆ ಆಕೆ ಖಾತೆ ಹಂಚಿದಳು. ನಳಿಗೆ, ಔಷಧ, ಬಾಟಲಿ ಕುದಿಸುವುದು ಎಲ್ಲ ಆಕೆಗೆ. ಕೂಡುವ ಖಾತೆ ನನಗೆ. ನನಗೋ ನನ್ನ ಮೇಲೆ ನಂಬಿಕೆ ಹೋಗಿತ್ತು, ಕಬ್ಬಿಣದ ಮೇಲಿನದು ಹೋಗಿರಲಿಲ್ಲ. ಕಬ್ಬಿಣವನ್ನು ಯಾರೂ ಹೊರಗೆ ಕರೆಯುವುದಿಲ್ಲವಲ್ಲ. ಕೂತೆದ್ದ ಬಿಡುವಿನಲ್ಲಿ ಸಣ್ಣ ಪೈಪು ಕತ್ತರಿಸಿ, ಕೋನ ಅಳೆದು, ಕೂಸನ್ನು ನೆಟ್ಟಗೆ ಕೂಡಿಸುವ ಒಂದು ಸ್ಟ್ಯಾಂಡು ಮಾಡಿದೆ. ಹತ್ತಿಯ ಗಾದಿ, ಸೊಂಟಕ್ಕೆ ಪಟ್ಟಿ, ಮೇಲೆ ಗುಲಾಬಿ ಬಣ್ಣ. ವಾಸನೆ ಹೋಗಲೆಂದು ನಾಲ್ಕು ದಿನ ಬಿಸಿಲಿಗಿಟ್ಟೆ. ನಟ್ಟು ತಿರುಗಿಸಿದರೆ ಮುಂದೆ ಹಿಂದೆ ವಾಲುತ್ತಿತ್ತು. ಯಾವ ಶ್ರೀಮಂತರ ಬಂಗಲೆಗೂ ನಾನು ಅಷ್ಟು ಪ್ರೀತಿಯಿಂದ ಕೆಲಸ ಮಾಡಿಲ್ಲ.

ಹೊಟ್ಟೆ ಖಾಲಿ ಇದ್ದಾಗ ಮೊದಲು ನೋಡೋಣ ಅಂದಳು ಶಾಂತಾ. ಕೃಪಾ ಕೂತಳು. ಎರಡೇ ನಿಮಿಷ. ಅರ್ಧ ತುಂಬಿದ ಚೀಲದಂತೆ ಕುಸಿದು ಗದ್ದ ಎದೆಗೆ ತಾಗಿತು. ಶಾಂತಾ ಗಬಕ್ಕನೆ ಎತ್ತಿಕೊಂಡಳು.

"ಏನ್ರೀ ಇದು, ಕೂಸಿನ ಕುರ್ಚಿನೋ ಎತ್ತಿಗೆ ನಾಲ ಬಡಿಯೂ ಸಾಮಾನೋ?"

ಸೋಲೊಪ್ಪುವ ಜಾತಿಯಲ್ಲ ನಾನು. ಮುಂದಿನ ಸಲ ದವಾಖಾನೆಗೆ ಹೋದಾಗ ಫೋಟೋ ತೋರಿಸಿದೆ. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಮೇಸ್ತ್ರಿ, ಕೆಲಸ ಭಾಳ ಚಲೋ ಐತ್ರಿ. ಆದ್ರ ಕೂಸಿನ ಬೆನ್ನು ಇನ್ನೂ ಎಳೀದು. ಇದ್ರಾಗ ಕೂತ್ರ ಹೊಟ್ಟಿ ಮಡಚತೈತಿ, ಹಾಲು ಮ್ಯಾಲ ಬರತೈತಿ. ನಿಮ್ಮ ಎದೀನ ಅಕಿಗೆ ಸ್ಟ್ಯಾಂಡು."

"ಎದಿ ಎಷ್ಟು ವಾಲಿಸಬೇಕ್ರಿ?"

"ಅಪ್ಪ ಕೂತಂಗ ಕೂಡ್ರಿ. ಅಳತಿ ತಾನ ಬರತೈತಿ."

ಸ್ಟ್ಯಾಂಡನ್ನು ಪಕ್ಕದ ಮನೆಯ ಗಂಗವ್ವಾಯಿ ಒಯ್ದಿದ್ದಾಳೆ. ಅದರ ಮೇಲೆ ಒಣಮೆಣಸಿನಕಾಯಿಯ ಬುಟ್ಟಿ ಇಟ್ಟು, ಹೊತ್ತು ಸರಿದಂತೆ ನಟ್ಟು ತಿರುಗಿಸಿ ಬಿಸಿಲಿಗೆ ಮುಖ ಮಾಡುತ್ತಾಳೆ. ಮೆಣಸಿನಕಾಯಿಗೆ ಅಳತೆ ಸರಿಯಾಗಿದೆಯಂತೆ.

ಹೀಗೆ ಕೂಡುವುದು ನನಗೇ ಉಳಿಯಿತು. ಒಂದು ದಿನ ಜುಗೂಳದ ರೈತರೊಬ್ಬರು ಹೊರಗಿನಿಂದ ಕೂಗಿದರು.

"ಮೇಸ್ತ್ರಿ, ಬರ್ರಿ, ದ್ರಾಕ್ಷಿ ಕಂಬದ ಅಳತಿ ಕೊಡಬೇಕು."

"ಕೂತೀನ್ರಿ. ಇಪ್ಪತ್ತ ನಿಮಿಷ."

"ಕೂತೀರಿ? ಆರಾಮ ಇಲ್ಲೇನ್ರಿ ಮತ್ತ?"

ಕಿಟಕಿಯಲ್ಲಿ ಇಣುಕಿದರು. ನನ್ನ ಎದೆಗೊರಗಿದ ಕೂಸನ್ನು ಕಂಡು, ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೆ ತಾವೂ ಕೂತರು. ಅವರಿಗೂ ರೂಢಿ ಇರಲಿಲ್ಲ ಅಂತ ಕಾಣುತ್ತದೆ, ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದರು.

ನಮ್ಮ ಕಡೆ ಕೂತವನಿಗೆ ಮರ್ಯಾದೆ ಕಡಿಮೆ. "ಖಾಲಿ ಕೂತಾನ" ಅಂದುಬಿಟ್ಟರೆ ಅವನ ಕತೆ ಮುಗಿಯಿತು. ಆದರೆ ಕೂತ ಮೇಲೆ ನನಗೆ ಬೇರೆ ಬೇರೆ ವಿಚಾರ ಬರತೊಡಗಿದವು. ಜಡ್ಜ್ ಸಾಹೇಬರು ಕೂತೇ ಕೆಲಸ ಮಾಡುತ್ತಾರೆ, ಎದ್ದು ನಿಲ್ಲುವವರು ನಾವು. ಕಾವಿಗೆ ಕೂತ ಕೋಳಿಗೆ ಯಾರೂ ಖಾಲಿ ಕೂತಿದೆ ಅನ್ನುವುದಿಲ್ಲ. ನಮ್ಮ ಪಾಸ್ಟರ್ ಹೇಳುವ ಹಾಗೆ, ಲೋಕ ಮಾಡಿದ ದೇವರೂ ಏಳನೇ ದಿನ ವಿಶ್ರಾಂತಿ ತಗೊಂಡ. ನಾನು ಮಾತ್ರ ಭಾನುವಾರ ಚರ್ಚಿನ ಆರಾಧನೆ ಮುಗಿದ ಕೂಡಲೇ ಅಂಗಡಿ ತೆಗೆಯುತ್ತಿದ್ದೆ, ಆತನಿಗಿಂತ ನನಗೇ ಕೆಲಸ ಹೆಚ್ಚು ಎಂಬಂತೆ.

ಇನ್ನೊಂದು ನಾಚಿಕೆಯ ಸಂಗತಿ. ನಮ್ಮ ಮನೆಯ ಕಿಟಕಿಯ ಸರಳು ಸೊಟ್ಟಗಿವೆ. ಒಂಬತ್ತು ವರ್ಷದ ಹಿಂದೆ ನಾನೇ ಹಾಕಿದ್ದು. ಎದುರು ಕೂತು ನೋಡಿದವನಲ್ಲ, ಗೊತ್ತೇ ಆಗಿರಲಿಲ್ಲ. ಊರ ಗೇಟುಗಳನ್ನು ಕೂದಲೆಳೆಯಷ್ಟು ನೇರ ಮಾಡುವವನ ಮನೆ ಹೀಗೆ. ಶಾಂತಾಗೆ ಹೇಳಿದರೆ, "ನಾ ದಿನಾ ನೋಡತೀನಿ, ನೀವ ಯಾವಾಗ ನೋಡತೀರಿ ಅಂತ ಕಾಯಾಕತ್ತಿದ್ನಿ" ಅಂದಳು.

ಬರುವವರಿಗೆ ಆಕೆಯದು ಒಂದೇ ಕಾನೂನು, ಬಾಗಿಲಲ್ಲೇ ಸಾಬೂನು. ಗಂಗವ್ವಾಯಿ ಯಡೂರಿನ ವೀರಭದ್ರನಿಗೆ ಹರಕೆ ಹೊತ್ತು ಬಂದಳು. ಪಾಸ್ಟರ್ ಪ್ರಾರ್ಥನೆಗೆ ಬಂದರು. ಶಾಂತಾ ಇಬ್ಬರಿಗೂ ಅಂದಳು, "ಎಲ್ಲಾರ ಆಶೀರ್ವಾದಾನೂ ಬೇಕ್ರಿ. ಕೈ ತೊಳಕೊಂಡು ಬರ್ರಿ." ಪಾಸ್ಟರರ ಪ್ರಾರ್ಥನೆ ಉದ್ದ ಎಂದು ಹಿಂದೆ ನಾನೇ ಗೊಣಗುತ್ತಿದ್ದೆ. ಈಗ ಹಾಲು ಕುಡಿಸಿದ ಹೊತ್ತಿಗೇ ಬರ್ರಿ ಅಂತ ಕರೆಯುತ್ತೇನೆ. ಅವರು ಆಮೆನ್ ಅನ್ನುವಷ್ಟರಲ್ಲಿ ಅರ್ಧ ತಾಸಿನ ಮೇಲೆ ಐದು ನಿಮಿಷ ಆಗಿರುತ್ತದೆ.

ಅಂತೂ ಮೂರು ತಿಂಗಳು ಮುಗಿದವು. ಮೊನ್ನೆ ದವಾಖಾನೆಗೆ ಹೋದೆವು. ತೂಕ ಐದು ಕಿಲೋ ಎರಡು ನೂರು ಗ್ರಾಂ. ಡಾಕ್ಟರು ಕೃಪಾಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳಿದರು. ಬೆನ್ನಿಗೆ ಇಟ್ಟು ಕೇಳಿದರು. ಮತ್ತೆ ಎದೆಗೆ ಬಂದರು. ನಾನು ಗೋಡೆ ಹಿಡಿದು ನಿಂತಿದ್ದೆ. ಆ ಗೋಡೆ ನನ್ನನ್ನು ಹಿಡಿದಿತ್ತು ಅಂದರೂ ನಡೆದೀತು.

"ಎದಿ ಸ್ವಚ್ಛ ಐತ್ರಿ," ಅಂದರು. "ಮುಂದಿನ ತಿಂಗಳ ಆಪರೇಷನ್ ಮಾಡೂಣು. ಯಾರು ಹಿಡಕೊಂಡು ಕೂಡತಿದ್ರಿ?"

ಶಾಂತಾ ನನ್ನ ಕಡೆ ಕೈ ಮಾಡಿದಳು. "ಇವರ್ರಿ. ಒಂದ ಸಲಾನೂ ತಪ್ಪಿಲ್ಲ." ನಾನು ಹತ್ತೇ ನಿಮಿಷಕ್ಕೆ ಮಲಗಿಸಿದ ಆ ದಿನದ ಬಗ್ಗೆ ಆಕೆ ಆಡಬೇಕಾಗಿದ್ದ ಮಾತು ಅದೇ ಇರಬಹುದು. ನಾನು ಕೃಪಾಳನ್ನು ಎತ್ತಿ ಎದೆಗೆ ಹಾಕಿಕೊಂಡೆ.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೃಪಾ ನನ್ನ ಎದೆಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು.

"ಹಾಲು ಹೋಗಿ ಎರಡ ತಾಸ ಆತ್ರಿ," ಅಂದಳು ಶಾಂತಾ. "ಇನ್ನರ ಮಲಗಸ್ರಿ ಅಕಿನ್ನ. ನಿಮ್ಮ ಕೈಗೂ ಆರಾಮ."

"ಬ್ಯಾಡ," ಅಂದೆ. "ರಸ್ತೆ ಸರಿ ಇಲ್ಲ, ಕೂಸು ಕುಲಕತೈತಿ."

ಹೊಸದಾಗಿ ಡಾಂಬರು ಹಾಕಿದ ರಸ್ತೆ, ಎಣ್ಣೆ ಸವರಿದಂತಿತ್ತು. ಶಾಂತಾ ಹೊರಗೆ ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಹೌದ್ರಿ, ಭಾಳ ಖರಾಬ ಐತಿ," ಅಂದಳು.