ಸೂಪರ್‌ವೈಸರ್ ಕೊಟ್ಟ ಮಾತ್ರೆ

"ಕುಡುದು ಬಿದ್ದಾನ್ರಿ ಸಿಸ್ಟರ್. ಗ್ಲೂಕೋಸ್ ಹಾಕಿ ಜಲ್ದಿ ಕಳಸ್ರಿ, ಲೋಡ್ ನಿಂತೈತಿ," ಎಂದ ಅದಿರು ಲಾರಿಗಳ ಸೂಪರ್‌ವೈಸರ್, ಕಪ್ಪು ಕನ್ನಡಕವನ್ನೂ ತೆಗೆಯದೆ. ಸಂಡೂರಿನಿಂದ ಹೊಸಪೇಟೆಯ ನಮ್ಮ ಆಸ್ಪತ್ರೆಗೆ ಅವನು ಕರೆತಂದ ಡ್ರೈವರ್‌ನ ಮೈ ಸುಡುತ್ತಿತ್ತು, ಕಾಲುಗಳು ಅದುರುತ್ತಿದ್ದವು. ಬಾಯಲ್ಲಿ ಹೆಂಡದ ವಾಸನೆ ಮಾತ್ರ ಇರಲಿಲ್ಲ.

ಜ್ವರದ ಇಂಜೆಕ್ಷನ್‌ಗೂ ಕಾವು ಇಳಿಯಲಿಲ್ಲ. ಆಗ ಜೊತೆಗೆ ಬಂದಿದ್ದ ಅವನ ಹೆಂಡತಿ ಚೀಲದಿಂದ ಎರಡು ಬಗೆಯ ಮಾತ್ರೆ ತೆಗೆದಳು. ಒಂದು, ಖಿನ್ನತೆಗೆಂದು ಡಾಕ್ಟರು ಬರೆದುಕೊಟ್ಟದ್ದು. ಇನ್ನೊಂದು, ಬೆನ್ನುನೋವೆಂದು ರಜೆ ಕೇಳಿದಾಗ ಈ ಸೂಪರ್‌ವೈಸರೇ ಕೊಟ್ಟ ನೋವಿನ ಮಾತ್ರೆ! ಎರಡೂ ಸೇರಿ ಮೈಯಲ್ಲಿ ಸೆರೊಟೋನಿನ್ ಎಂಬ ನರಗಳ ರಾಸಾಯನಿಕ ಹೆಚ್ಚಿದೆ, ಅದನ್ನು ಗ್ರಹಿಸುವ ನರಕೋಶಗಳು ಅತಿಯಾಗಿ ಕೆರಳಿ ದೇಹದ ಶಾಖ ಹತೋಟಿ ತಪ್ಪಿದೆ ಎಂದರು ನಮ್ಮ ಡಾಕ್ಟರು. ಎರಡನ್ನೂ ನಿಲ್ಲಿಸಿ, ನಡುಕಕ್ಕೆ ಮದ್ದು ಕೊಟ್ಟು, ಸಂಜೆಯವರೆಗೂ ತಣ್ಣೀರ ಬಟ್ಟೆ ಹೊದಿಸಿದೆವು. ಮನುಷ್ಯ ಉಳಿದ.

"ಮತ್ತ ಯಾವಾಗ ಬಿಡ್ತೀರಿ?" ಎಂದ ಸೂಪರ್‌ವೈಸರ್. ಹೆಂಡತಿ ಎದ್ದು ನಿಂತಳು. "ಲಾರಿ ಇಂಜಿನ್ ಕಾದ್ರ ನಿಲ್ಲಸ್ತೀರಲ್ರೀ, ನನ್ ಗಂಡಗ ಅಷ್ಟೂ ಕಿಮ್ಮತ್ತಿಲ್ಲೇನು?" ಅವನು ಬೇರೆ ಡ್ರೈವರ್‌ಗಾಗಿ ಫೋನ್ ಮಾಡುತ್ತ ಹೊರನಡೆದ.

ಅಂದಿನಿಂದ ಸುಡುವ ಮೈ ಹೊತ್ತು ಯಾರೇ ಬರಲಿ, ಯಾವ ಮಾತ್ರೆ ನುಂಗಿದ್ದೀರಿ ಎಂದು ಮೊದಲು ಕೇಳುತ್ತೇನೆ. ಆಮೇಲೆ ಕೇಳುವುದು, ಅದನ್ನು ಕೊಟ್ಟ ಮಹಾನುಭಾವ ಯಾರು ಎಂದು.